ಲೇಖನಿ ಎತ್ತಲ್ಪಟ್ಟಿರುವುದು ಯಾರಿಂದ?

ಜುಮಾದ ಖುತ್ಬಾ ನಡೆಯುತ್ತಿತ್ತು. ತಂದೆಯೊಬ್ಬರು ಏಳೆಂಟು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯ ಸಾಲಿನಲ್ಲಿದ್ದರು. ಧ್ವನಿವರ್ಧಕದ ಸದ್ದು ಏರಿದಾಗಲೆಲ್ಲ ಮಗು ಎರಡೂ ಕಿವಿಗಳನ್ನು ಮುಚ್ಚಿಕೊಂಡು ಒಂದೇ ಸ್ವರದಲ್ಲಿ ಕೂಗುತ್ತಿತ್ತು. ಮುಂದಿನ ಸಾಲುಗಳಲ್ಲಿ ಒಂದೊಂದಾಗಿ ತಲೆಗಳು ಹಿಂತಿರುಗಿದವು. ಯಾರೂ ಏನನ್ನೂ ಹೇಳಲಿಲ್ಲ. ಖುತ್ಬಾದ ವೇಳೆ ಮಾತನಾಡಬಾರದೆಂಬ ಶಿಸ್ತು ನಮಗೆಲ್ಲರಿಗೂ ಚೆನ್ನಾಗಿ ತಿಳಿದಿದೆ. ಕಣ್ಣುಗಳಿಗೆ ಮಾತ್ರ ಆ ಶಿಸ್ತನ್ನು ನಾವು ಕಲಿಸಿರಲಿಲ್ಲ. ಮುಂದಿನ ವಾರ ಆ ತಂದೆ ಒಬ್ಬರೇ ಬಂದರು. ಅದರ ಮುಂದಿನ ವಾರವೂ ಒಬ್ಬರೇ.

ಮಗು ಎಲ್ಲಿ ಎಂದು ನಾವು ಕೇಳಿದ್ದು ಬಹಳ ತಿಂಗಳುಗಳ ನಂತರ, ಅದೂ ಮದುವೆಯ ಊಟದ ಪಂಕ್ತಿಯಲ್ಲಿ ಅಕಸ್ಮಾತ್ತಾಗಿ ಅಕ್ಕಪಕ್ಕ ಕುಳಿತಾಗ. "ಅವನಿಗೆ ನಮಾಝ್ ಕಡ್ಡಾಯವೇ ಅಲ್ಲವಲ್ಲ, ಸುಮ್ಮನೆ ಯಾಕೆ ಕರೆತರುತ್ತೀರಿ ಎಂದು ಹಿರಿಯರೊಬ್ಬರು ಹೇಳಿದರು. ಹಾಗೆ ಬಿಟ್ಟುಬಿಟ್ಟೆ" ಎಂದರು. ಶಾಲೆಗೆ? ಶಾಲೆಯವರೂ ಸ್ವಲ್ಪ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರಂತೆ. ಮದ್ರಸಕ್ಕೆ? ಅಲ್ಲಿಯೂ ಅಷ್ಟೇ. ಮಗು ಮನೆಯಲ್ಲಿದೆ. ಆ ಮಾತನ್ನು ಹೇಳುವಾಗ ಅವರ ಧ್ವನಿಯಲ್ಲಿ ದೂರಿರಲಿಲ್ಲ. ಆ ದಿನ ನಮ್ಮನ್ನು ಹೆಚ್ಚು ಕಾಡಿದ್ದು ಅದೇ.

ಮೂವರ ಕರ್ಮಗಳನ್ನು ದಾಖಲಿಸುವ ಲೇಖನಿಯನ್ನು ಎತ್ತಲಾಗಿದೆ ಎಂಬ ಅರ್ಥದ ಪ್ರವಾದಿ(ಸ)ರ ವಚನ ನಮಗೆ ಚಿರಪರಿಚಿತ. ನಿದ್ರಿಸುತ್ತಿರುವವನು ಎಚ್ಚರಗೊಳ್ಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಸ್ವಾಧೀನದಲ್ಲಿಲ್ಲದವನು ಅದನ್ನು ಮರಳಿ ಪಡೆಯುವ ತನಕ ಹೊಣೆಗಾರರಲ್ಲ. ಇದು ಅಲ್ಲಾಹನ ಅಪಾರ ಕಾರುಣ್ಯ. ಆದರೆ ಈ ಕಾರುಣ್ಯದ ವಚನವನ್ನು ನಾವು ಬಳಸುತ್ತಿರುವ ರೀತಿಯನ್ನು ಒಮ್ಮೆ ಗಮನಿಸಿ. ಅವನಿಗೆ ಕಡ್ಡಾಯವಿಲ್ಲ, ಆದ್ದರಿಂದ ಮಸೀದಿಯಲ್ಲಿ ಅವನಿಗೆ ಸ್ಥಳ ಬೇಡ. ಅವನನ್ನು ಪ್ರಶ್ನಿಸಲಾಗುವುದಿಲ್ಲ, ಆದ್ದರಿಂದ ಅವನು ಕಲಿಯಬೇಕಾಗಿಲ್ಲ. ಅವನು ಹೇಗಿದ್ದರೂ ಸ್ವರ್ಗವಾಸಿ, ಆದ್ದರಿಂದ ಇಹಲೋಕದಲ್ಲಿ ಅವನಿಗಾಗಿ ನಾವು ಹೆಚ್ಚೇನೂ ಮಾಡಬೇಕಾಗಿಲ್ಲ. ಮಗುವಿನ ಮೇಲಿಂದ ಇಳಿಸಲಾದ ಭಾರವನ್ನು ನಾವು ನಮ್ಮ ಹೆಗಲಿನಿಂದಲೂ ಇಳಿಸಿಕೊಂಡುಬಿಟ್ಟಿದ್ದೇವೆ. ಆ ಮಗುವಿನ ತಂದೆ, ತಾಯಿ, ನೆರೆಯವರು, ಉಸ್ತಾದರು, ಜಮಾಅತ್‌ನ ಪದಾಧಿಕಾರಿಗಳು, ಇವರ ಯಾರ ಲೇಖನಿಯೂ ಎತ್ತಲ್ಪಟ್ಟಿಲ್ಲ. ಮಗುವಿನ ಪುಟ ಖಾಲಿಯಿದ್ದಷ್ಟೂ ನಮ್ಮ ಪುಟಗಳಲ್ಲಿ ಬರೆಯಲು ಹೆಚ್ಚು ಇರುತ್ತದೆ.

ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರ ಘಟನೆಯನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಅಂಧರಾದ ಅವರು ಕಲಿಯುವ ಹಂಬಲದಿಂದ ಬಂದಾಗ ಪ್ರವಾದಿ(ಸ)ರು ಕುರೈಷರ ಪ್ರಮುಖರೊಡನೆ ಮಾತಿನಲ್ಲಿ ಮಗ್ನರಾಗಿದ್ದರು. ಆ ಕ್ಷಣದ ಮುಖಭಾವವನ್ನು ತಿದ್ದಿ ಕುರ್‌ಆನಿನ 80ನೆಯ ಅಧ್ಯಾಯ ಅವತೀರ್ಣವಾಯಿತು. ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮುಂದಿನ ಭಾಗ ಇನ್ನೂ ದೊಡ್ಡದು. ಮದೀನಾದಲ್ಲಿ ಅವರು ಮುಅದ್ದಿನ್ ಆದರು. ಪ್ರವಾದಿ(ಸ)ರು ಪ್ರಯಾಣ ಹೊರಟಾಗ ಹಲವು ಬಾರಿ ನಗರದ ಹೊಣೆಯನ್ನು ಅವರಿಗೆ ವಹಿಸಿದರು. ರಮಝಾನ್‌ನಲ್ಲಿ ಬಿಲಾಲ್(ರ)ರ ಬಾಂಗ್ ರಾತ್ರಿಯಿರುವಾಗಲೇ ಕೇಳಿಸುತ್ತಿತ್ತು. ಇಬ್ನು ಉಮ್ಮಿ ಮಕ್ತೂಮ್(ರ)ರ ಬಾಂಗ್ ಕೇಳುವ ತನಕ ಜನರು ಉಣ್ಣಬಹುದಿತ್ತು. ಅಂದರೆ ಇಡೀ ನಗರದ ಉಪವಾಸ ಆರಂಭವಾಗುತ್ತಿದ್ದುದು ಬೆಳಗನ್ನು ಕಾಣಲಾಗದ ಒಬ್ಬರ ಕರೆಯಿಂದ! ಬೆಳಗಾಯಿತೆಂದು ಅವರಿಗೆ ಹೇಗೆ ತಿಳಿಯುತ್ತಿತ್ತು? ಬೆಳಗಾಯಿತು ಎಂದು ಜನರು ಅವರಿಗೆ ಹೇಳುತ್ತಿದ್ದರು, ಆಗ ಅವರು ಬಾಂಗ್ ಕೊಡುತ್ತಿದ್ದರು ಎಂದು ಬುಖಾರಿಯ ವರದಿಯಲ್ಲಿದೆ.

ಈ ಚಿಕ್ಕ ವಿವರದ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ನಿಮಗೆ ಕಾಣಿಸುವುದಿಲ್ಲ, ಈ ಕೆಲಸ ನಿಮ್ಮದಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ. ನಿಮಗೆ ಇದು ಕಡ್ಡಾಯವಿಲ್ಲ ಎಂದು ಮನೆಯಲ್ಲಿ ಕೂರಿಸಲೂ ಇಲ್ಲ. ಅವರ ಕೊರತೆ ಎಲ್ಲಿತ್ತೋ ಅಲ್ಲಿ ಮಾತ್ರ ಒಬ್ಬರು ನಿಂತು, ಉಳಿದದ್ದನ್ನು ಅವರಿಗೇ ಬಿಟ್ಟರು. ವಿಶೇಷ ಅಗತ್ಯಗಳುಳ್ಳ ಮಕ್ಕಳ ಶಿಕ್ಷಣ ಎಂದು ಇಂದು ಕರೆಯಲಾಗುವ ಇಡೀ ಶಾಸ್ತ್ರದ ತಿರುಳೂ ಇದೇ: ಕೊರತೆಯಿರುವ ಜಾಗವನ್ನು ನಿಖರವಾಗಿ ಗುರುತಿಸುವುದು, ಅಲ್ಲಿಗೆ ಬೇಕಾದಷ್ಟೇ ಆಸರೆ ನೀಡುವುದು, ಉಳಿದ ಸಾಮರ್ಥ್ಯವನ್ನು ಕೆಲಸಕ್ಕೆ ಹಚ್ಚುವುದು.

ಅಂತಹ ಶಾಲೆಯಲ್ಲಿ ನಡೆಯುವುದಾದರೂ ಏನು ಎಂಬ ಪ್ರಶ್ನೆ ಅನೇಕ ಹೆತ್ತವರಲ್ಲಿದೆ. ಮಕ್ಕಳನ್ನು ಹಗಲಿನಲ್ಲಿ ಸುರಕ್ಷಿತವಾಗಿ ಇಟ್ಟುಕೊಳ್ಳುವ ಸ್ಥಳ ಎಂದೇ ಹಲವರು ಭಾವಿಸಿದ್ದಾರೆ. ದುರದೃಷ್ಟವಶಾತ್ ಕೆಲವು ಕಡೆ ಅಷ್ಟೇ ಆಗಿರುವುದೂ ಉಂಟು. ಒಳ್ಳೆಯ ಶಾಲೆಯಲ್ಲಿ ಥೆರಪಿ ಮತ್ತು ಪಾಠ ಬೇರೆ ಬೇರೆಯಾಗಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಸೊಂಟ ಮತ್ತು ಬೆನ್ನಿಗೆ ಸರಿಯಾದ ಆಧಾರವಿರುವ ಕುರ್ಚಿ ಸಿಗದಿದ್ದರೆ ಅದರ ಶಕ್ತಿಯೆಲ್ಲ ಬೀಳದಂತೆ ಕೂರುವುದರಲ್ಲೇ ಮುಗಿದುಹೋಗುತ್ತದೆ. ಪುಸ್ತಕ ನೋಡಲು ಏನೂ ಉಳಿಯುವುದಿಲ್ಲ. ಕುರ್ಚಿ ಸರಿಯಾದ ದಿನ ಕೈ ಬಿಡುವಾಗುತ್ತದೆ, ಕಣ್ಣು ಪುಟದ ಮೇಲೆ ನಿಲ್ಲುತ್ತದೆ. ಆಟಿಸಂ ಇರುವ ಮಗುವಿಗೆ ಮುಂದೇನಾಗುತ್ತದೆ ಎಂಬುದು ತಿಳಿಯದಿರುವುದೇ ದೊಡ್ಡ ಭಯ. ಗೋಡೆಯ ಮೇಲೆ ದಿನದ ಕೆಲಸಗಳ ಚಿತ್ರಗಳನ್ನು ಸಾಲಾಗಿ ಅಂಟಿಸಿ, ಮುಗಿದ ಚಿತ್ರವನ್ನು ಮಗುವಿನ ಕೈಯಿಂದಲೇ ತೆಗೆಸಿದರೆ ಆ ಭಯ ಬಹಳಷ್ಟು ಇಳಿಯುತ್ತದೆ. ಮಾತು ಬಾರದ ಮಗು ನೀರಿನ ಚಿತ್ರವನ್ನು ತಾಯಿಯ ಕೈಗೆ ಕೊಟ್ಟು ನೀರು ಕೇಳಲು ಕಲಿಯುತ್ತದೆ. ನಾವು 'ಹಠ' ಎಂದು ಕರೆಯುತ್ತಿದ್ದ ಎಷ್ಟೋ ಸಂಗತಿಗಳು ಕೇಳಲು ದಾರಿಯಿಲ್ಲದ ಮಗುವಿನ ಅಸಹಾಯಕತೆಯಾಗಿತ್ತು ಎಂಬುದು ಆಗ ಮನವರಿಕೆಯಾಗುತ್ತದೆ.

ವುದೂವನ್ನೇ ತೆಗೆದುಕೊಳ್ಳಿ. ಆಕ್ಯುಪೇಷನಲ್ ಥೆರಪಿಯ ತಜ್ಞರು ಯಾವುದೇ ಕೆಲಸವನ್ನು ಕಲಿಸುವಾಗ ಅದನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಪ್ರತಿದಿನ ಅದೇ ಕ್ರಮದಲ್ಲಿ ಮಾಡಿಸುತ್ತಾರೆ. ವುದೂ ಹಾಗೆ ಒಡೆದಿಟ್ಟೇ ನಮಗೆ ಸಿಕ್ಕಿದೆ. ಕೈ, ಬಾಯಿ, ಮೂಗು, ಮುಖ, ಮೊಣಕೈ ತನಕ ಕೈಗಳು, ತಲೆ, ಕಾಲು. ಅದೇ ಕ್ರಮ, ಅದೇ ಎಣಿಕೆ, ದಿನಕ್ಕೆ ಐದು ಬಾರಿ. ನಲ್ಲಿಯ ಮೇಲ್ಗಡೆ ಈ ಹೆಜ್ಜೆಗಳ ಚಿತ್ರಗಳನ್ನು ಅಂಟಿಸಿಡಬಹುದು. ಥೆರಪಿಯವರ ಒಂದು ಉಪಾಯವೆಂದರೆ ಕೊನೆಯ ಹೆಜ್ಜೆಯನ್ನು ಮೊದಲು ಕಲಿಸುವುದು. ಉಳಿದುದೆಲ್ಲವನ್ನೂ ಉಮ್ಮ ತನ್ನ ಕೈಯಲ್ಲಿ ಮಗುವಿನ ಕೈಯಿಟ್ಟು ಮಾಡಿಸುತ್ತಾಳೆ, ಎಡಗಾಲನ್ನು ಮಾತ್ರ ಮಗುವೇ ತೊಳೆಯುತ್ತದೆ. ಹಾಗಾದಾಗ ಕೆಲಸ ಪೂರ್ತಿ ಮಾಡಿದ ಸಂತೋಷ ಪ್ರತಿದಿನವೂ ಮಗುವಿನದೇ ಆಗುತ್ತದೆ. ಅದು ರೂಢಿಯಾದ ಮೇಲೆ ಬಲಗಾಲು, ಆಮೇಲೆ ತಲೆ. ಮುಖದ ಮೇಲೆ ನೀರು ಬಿದ್ದರೆ ಚೀರುವ ಮಕ್ಕಳಿದ್ದಾರೆ. ಅದು ಮೊಂಡುತನವಲ್ಲ, ಅವರ ಚರ್ಮಕ್ಕೆ ಆ ಸ್ಪರ್ಶ ನಮಗಿಂತ ಬಹಳ ಹೆಚ್ಚು ತೀವ್ರ. ಅವರಿಗೆ ಒದ್ದೆ ಬಟ್ಟೆಯಿಂದ ಒರೆಸುವುದರಿಂದ ಆರಂಭಿಸಬಹುದು. ಹೊಣೆ ಇಲ್ಲದ ಮಗುವಿಗೆ ಇದು ಅಭ್ಯಾಸ ಮಾತ್ರ ತಾನೇ. ಆದರೆ ಇದೇ ಅಭ್ಯಾಸದಿಂದ ಮಗು ನಾಳೆ ತಾನೇ ಮುಖ ತೊಳೆಯುತ್ತದೆ, ಶೌಚಾಲಯಕ್ಕೆ ಹೋಗಿ ಬಂದು ಶುಚಿಯಾಗುತ್ತದೆ. ಹದಿನೈದು ವರ್ಷದ ಹುಡುಗಿಯ ಉಮ್ಮನಿಗೆ ಇದರ ಅರ್ಥ ಏನೆಂದು ವಿವರಿಸಿ ಹೇಳಬೇಕಾಗಿಲ್ಲ.

ನಾವು ಕಳೆದುಕೊಳ್ಳುತ್ತಿರುವುದು ಮುಖ್ಯವಾಗಿ ಸಮಯವನ್ನು. ಎರಡು ವರ್ಷವಾದರೂ ಮಾತಿಲ್ಲವೇ? ಅವನ ತಂದೆಯೂ ತಡವಾಗಿಯೇ ಮಾತನಾಡಿದ್ದು ಎನ್ನುತ್ತಾರೆ ಮನೆಯ ಹಿರಿಯರು. ಹೆಸರು ಕರೆದರೆ ತಿರುಗುವುದಿಲ್ಲವೇ? ದೃಷ್ಟಿ ತಾಗಿದೆ ಎನ್ನುತ್ತಾರೆ ಇನ್ನೊಬ್ಬರು. ಆಮೇಲೆ ಮಂತ್ರಿಸಿದ ನೀರು, ತಾಯತ, ದೂರದ ಊರಿನ ದರ್ಗಾ. ಅಷ್ಟರಲ್ಲಿ ಮಗುವಿಗೆ ಐದು ವರ್ಷ. ದುಆವನ್ನು ನಾವು ಕೀಳಾಗಿ ಕಾಣುತ್ತಿಲ್ಲ. ಕುರ್‌ಆನ್ ಓದಿ ಮಗುವಿನ ಮೇಲೆ ಊದುವ ಉಮ್ಮನ ಉಸಿರಿಗೆ ಬೆಲೆ ಕಟ್ಟಲಾದೀತೇ? ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿ(ಸ)ರೇ. ಮಗುವಿನ ಮಿದುಳು ಹೊಸ ದಾರಿಗಳನ್ನು ಅತ್ಯಂತ ಸುಲಭವಾಗಿ ಕಂಡುಕೊಳ್ಳುವುದು ಮೊದಲ ಕೆಲವು ವರ್ಷಗಳಲ್ಲಿ. ಕಿವಿ ಕೇಳಿಸುವುದೋ ಇಲ್ಲವೋ ಎಂಬುದನ್ನು ಹುಟ್ಟಿದ ಕೆಲವೇ ದಿನಗಳಲ್ಲಿ, ನಿದ್ರಿಸುತ್ತಿರುವ ಶಿಶುವಿನ ಕಿವಿಗೆ ಪುಟ್ಟ ಉಪಕರಣವಿಟ್ಟು ಪರೀಕ್ಷಿಸಬಹುದು. ಇನ್ನೊಂದು ಬದಿಯ ಮೋಸವನ್ನೂ ಹೇಳಿಬಿಡಬೇಕು. ಆಟಿಸಂ ಅನ್ನು ಸಂಪೂರ್ಣ ಗುಣಪಡಿಸುತ್ತೇವೆಂದು ಲಕ್ಷಾಂತರ ರೂಪಾಯಿ ಕೇಳುವವರು ಬಿಳಿ ಕೋಟು ಧರಿಸಿಯೂ ಬರುತ್ತಾರೆ. ಇದು ಗುಣವಾಗುವ ಜ್ವರವಲ್ಲ, ಮಗು ಇರುವ ರೀತಿ. ಥೆರಪಿ ಆ ಮಗುವನ್ನು ಬೇರೆ ಮಗುವನ್ನಾಗಿ ಮಾಡುವುದಿಲ್ಲ. ಅದರ ಬದುಕನ್ನು ಅದಕ್ಕೆ ಹಗುರಗೊಳಿಸುತ್ತದೆ.

ಇಷ್ಟೆಲ್ಲದರ ನಡುವೆ ಉಮ್ಮ ಒಬ್ಬಳೇ. ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು ಮಗುವಿಗೆ ಆಟಿಕೆ ತಂದುಕೊಡುತ್ತಾರೆ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಪಟ್ಟಣದ ಥೆರಪಿ ಕೇಂದ್ರಕ್ಕೆ ಹೋಗುವುದು, ಬಸ್ಸಿನಲ್ಲಿ ಮಗು ಕೂಗಿದರೆ ಎಲ್ಲರ ನೋಟ ಸಹಿಸುವುದು, ಗ್ರಹಣದ ದಿನ ನೀನು ಹೊರಗೆ ಹೋಗಿದ್ದೆಯಾ ಎಂಬ ಪ್ರಶ್ನೆಗೆ ಉತ್ತರಿಸುವುದು, ಎಲ್ಲವೂ ಅವಳ ಪಾಲು. ಗ್ರಹಣ ಯಾರ ಜನನ ಮರಣಕ್ಕಾಗಿಯೂ ಸಂಭವಿಸುವುದಿಲ್ಲ ಎಂದು ಪ್ರವಾದಿ(ಸ)ರು ತಮ್ಮ ಸ್ವಂತ ಮಗು ತೀರಿಕೊಂಡ ದಿನವೇ ಸ್ಪಷ್ಟಪಡಿಸಿದ್ದರು. ಆ ಪಾಠ ನಮ್ಮ ಅಡುಗೆಮನೆಗಳಿಗೆ ಇನ್ನೂ ತಲುಪಿಲ್ಲ. ಮೈಸೂರಿನಲ್ಲಿ, ಕಿವಿ ಕೇಳಿಸದ ಮಕ್ಕಳ ಜೊತೆಗೆ ತಾಯಂದಿರೂ ತರಗತಿಯಲ್ಲಿ ಕುಳಿತು ಕಲಿಯುವ ಪದ್ಧತಿ ದಶಕಗಳಿಂದ ಬೆಳೆದುಬಂದಿದೆ. ಶಾಲೆಯಲ್ಲಿ ಕಲಿಸಿದ್ದನ್ನು ಮನೆಯಲ್ಲಿ ದಿನವಿಡೀ ಮುಂದುವರಿಸಬೇಕಾದವಳು ಅವಳೇ ಎಂಬುದು ಇದರ ಹಿಂದಿರುವ ವಿವೇಕ. ಅದು ಸರಿಯೇ. ಆದರೆ ಅವಳು ಅಲ್ಲಿ ಕುಳಿತಿರುವಾಗ ಮನೆಯಲ್ಲಿರುವ ಇತರ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ನೆರೆಯವರ ಹಕ್ಕಿನ ಬಗ್ಗೆ ನಾವು ಕೇಳಿದ ಪ್ರವಚನಗಳಿಗೆ ಲೆಕ್ಕವಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಆ ಮಕ್ಕಳಿಗೆ ಊಟ ಬಡಿಸುವುದು ಕೂಡ ಆ ಹಕ್ಕಿನಲ್ಲಿ ಸೇರುತ್ತದೆ.

ಮನೆಮಾತಿನ ಕುರಿತು ಒಂದು ಮಾತು. ಮಗುವಿನೊಂದಿಗೆ ಬ್ಯಾರಿ, ಉರ್ದು ಅಥವಾ ನವಾಯತಿ ಮಾತನಾಡಬೇಡಿ, ಒಂದೇ ಭಾಷೆಯಿರಲಿ ಎಂಬ ಸಲಹೆಯನ್ನು ಹಲವು ಹೆತ್ತವರು ಕೇಳಿದ್ದಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದುಳಿಯುತ್ತದೆ ಎಂಬುದಕ್ಕೆ ಸಂಶೋಧನೆಗಳ ಆಧಾರವಿಲ್ಲ. ಅಜ್ಜಿಗೆ ಬರುವುದು ಮನೆಮಾತು ಮಾತ್ರ. ಆ ಭಾಷೆಯನ್ನು ಕಿತ್ತುಕೊಂಡರೆ ಮಗು ಅಜ್ಜಿಯನ್ನೂ ಕಳೆದುಕೊಳ್ಳುತ್ತದೆ.

ಇನ್ನು ಹಕ್ಕಿನ ವಿಷಯ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ; ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆಗಳು ಅದರಲ್ಲಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದೆ ಎಂದು ಪ್ರಮಾಣಪತ್ರ ಪಡೆದ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ವೈಕಲ್ಯದ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದಿರುವಂತಿಲ್ಲ. ಸಮುದಾಯದ ಹೆಸರಿನಲ್ಲಿ ನಾವು ಕಟ್ಟಿಸಿರುವ ಶಾಲೆಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಮರೆಯದಿರೋಣ. ನಮ್ಮಲ್ಲಿ ಅಂತಹ ಸೌಲಭ್ಯವಿಲ್ಲ ಎಂದು ವಿನಯದಿಂದ ಕೈಮುಗಿಯುವ ಆಡಳಿತ ಮಂಡಳಿಗಳನ್ನು ನಾವು ಕಂಡಿದ್ದೇವೆ. ಅದೇ ವರ್ಷ ಆ ಶಾಲೆಗೆ ಹೊಸ ಮಹಾದ್ವಾರ ಬಂದಿತ್ತು.

ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಎಂದು ಕರೆಯಲ್ಪಡುವ ಕೇಂದ್ರಗಳು ಚಿಕ್ಕ ಮಕ್ಕಳ ಬೆಳವಣಿಗೆಯಲ್ಲಿನ ವಿಳಂಬವನ್ನು ಬೇಗನೆ ಗುರುತಿಸಿ ಥೆರಪಿ ನೀಡಲೆಂದೇ ಸ್ಥಾಪನೆಯಾಗಿವೆ. ಮಾತು ಮತ್ತು ಕಿವಿಯ ವಿಷಯದಲ್ಲಿ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂಪಾಯಿ ತನಕ ನೆರವಾಗುತ್ತದೆ; ನಿಯಮಿತ ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಖಾಸಗಿ ಕೇಂದ್ರಕ್ಕೆ ಹೋಗುವವರು ಅಲ್ಲಿನ ವಿಶೇಷ ಶಿಕ್ಷಕರು ಮತ್ತು ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಫಲಕ ತೂಗುಹಾಕಿದವರೆಲ್ಲ ಕಲಿತವರಲ್ಲ. ಪ್ರಮಾಣಪತ್ರ ಮಾಡಿಸಲು ಹಲವು ಕುಟುಂಬಗಳು ಹಿಂಜರಿಯುತ್ತವೆ. ಮಗಳ ವಿಷಯವಾದರೆ ಹಿಂಜರಿಕೆ ಇನ್ನೂ ಹೆಚ್ಚು. ಅವಳ ಅಕ್ಕನಿಗೆ ಸಂಬಂಧ ಕೂಡಿಬರುವ ತನಕ ಇವಳು ಒಳಕೋಣೆಯಲ್ಲಿರಬೇಕು! ಒಬ್ಬ ಮಗಳ ನಿಕಾಹ್‌ಗಾಗಿ ಇನ್ನೊಬ್ಬ ಮಗಳ ಆರು ವರ್ಷಗಳನ್ನು ತೆರುವುದು ಯಾವ ನ್ಯಾಯವೋ ನಮಗೆ ತಿಳಿಯದು.

ಝಕಾತ್‌ನ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಕಹಿಯಾಗಬಹುದು. ರಮಝಾನ್‌ನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ನೂರು, ಇನ್ನೂರು ರೂಪಾಯಿಗಳಂತೆ ಹಂಚಿ ಮುಗಿಸುವ ಪದ್ಧತಿ ನಮ್ಮಲ್ಲಿದೆ. ಹಂಚಿದ್ದು ಎಷ್ಟೆಂದು ತಿಳಿಯುತ್ತದೆ, ಅದರಿಂದ ಆದದ್ದು ಏನೆಂದು ತಿಳಿಯುವುದಿಲ್ಲ. ಬಡಕುಟುಂಬದ ಒಂದು ಮಗುವಿನ ಒಂದು ವರ್ಷದ ಥೆರಪಿ, ಬಸ್ಸಿನ ಖರ್ಚು, ಸರಿಯಾದ ಅಳತೆಯ ಕುರ್ಚಿ ಅಥವಾ ಶ್ರವಣಯಂತ್ರದ ಬ್ಯಾಟರಿ, ಇವನ್ನು ಒಂದು ಜಮಾಅತ್ ವಹಿಸಿಕೊಳ್ಳಬಹುದು. ಫಕೀರರು ಮತ್ತು ಮಿಸ್ಕೀನರು ಝಕಾತ್‌ನ ಹಕ್ಕುದಾರರಲ್ಲಿ ಮೊದಲಿಗರು. ಮಗುವಿನ ಥೆರಪಿಗಾಗಿ ಉಮ್ಮನ ಬಳೆ ಅಡವಿಟ್ಟ ಮನೆ ಅವರೊಳಗೆ ಸೇರದೆ ಇನ್ನಾರು ಸೇರಿಯಾರು? ಒಂದು ತಿಂಗಳು ಕೊಟ್ಟು ನಿಲ್ಲಿಸಿದರೆ ಪ್ರಯೋಜನವಿಲ್ಲ ಎಂಬುದು ಮಾತ್ರ ನೆನಪಿರಲಿ. ನಡುವೆ ನಿಂತ ಥೆರಪಿಯಲ್ಲಿ ಮಗು ಕಲಿತದ್ದನ್ನೂ ಮರೆಯುತ್ತದೆ.

ಮದ್ರಸಗಳ ಉಸ್ತಾದರನ್ನು ದೂರುವುದು ಸುಲಭ. ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಕೂರಿಸಿ, ಒಬ್ಬರಿಗೆ ಅಲ್ಪ ಸಂಬಳ ಕೊಟ್ಟು, ಆಟಿಸಂ ಇರುವ ಮಗುವನ್ನೂ ಸಂಭಾಳಿಸಿ ಎನ್ನುವುದು ಅನ್ಯಾಯ. ಅವರಿಗೆ ತರಬೇತಿ ಬೇಕು, ಜೊತೆಗೊಬ್ಬ ಸಹಾಯಕಿ ಬೇಕು. ವಾರಕ್ಕೆ ಒಂದು ದಿನ, ಮೂರ್ನಾಲ್ಕು ಮಕ್ಕಳಿಗೆ, ಸದ್ದಿಲ್ಲದ ಕೋಣೆಯಲ್ಲಿ ಒಂದು ಗಂಟೆ ಸಾಕು. ಅಲಿಫ್ ಅನ್ನು ಮರಳಿನಲ್ಲಿ ಬೆರಳಿನಿಂದ ತಿದ್ದಿಸಬಹುದು. ಬಿಸ್ಮಿಲ್ಲಾ ಎನ್ನಲು ಬಾರದ ಮಗು ಊಟಕ್ಕೆ ಮುಂಚೆ ಒಂದು ಚಿತ್ರವನ್ನು ಮುಟ್ಟಿ ತೋರಿಸಬಹುದು. ಸಮುದಾಯದಲ್ಲಿ ಮನಃಶಾಸ್ತ್ರ, ಫಿಸಿಯೋಥೆರಪಿ ಕಲಿತ ಹೆಣ್ಣುಮಕ್ಕಳು ಈಗ ಸಾಕಷ್ಟಿದ್ದಾರೆ. ಅವರನ್ನು ಸನ್ಮಾನಿಸಿ ಶಾಲು ಹೊದಿಸುವುದರ ಜೊತೆಗೆ ಈ ಕೋಣೆಯ ಬೀಗದ ಕೈಯನ್ನೂ ಅವರಿಗೆ ಕೊಡಬಹುದು.

ಹೆತ್ತವರನ್ನು ರಾತ್ರಿ ಎಚ್ಚರವಾಗಿಡುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಮಗುವಿಗೆ 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ವ್ಯಾಪ್ತಿಗೆ ಬರುವ ಮಕ್ಕಳಿಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ಮೂಲಕ ಪೋಷಕರನ್ನು ನೇಮಿಸಿಕೊಳ್ಳಬೇಕು. ಅನಂತರಸ್ವತ್ತಿನಲ್ಲಿ ಆ ಮಗುವಿನ ಪಾಲು ಒಂದು ಬಿಡಿಗಾಸೂ ಕಡಿಮೆಯಾಗುವುದಿಲ್ಲ. ಸ್ವತ್ತು ನಿರ್ವಹಿಸಲಾಗದವರ ಸೊತ್ತಿನ ಬಗ್ಗೆ ಕುರ್‌ಆನ್ ಅನ್ನಿಸಾ ಅಧ್ಯಾಯದ ಆರಂಭದಲ್ಲಿಯೇ ಮಾತನಾಡುತ್ತದೆ: ಅದನ್ನು ಅವರ ಕೈಗೆ ಕೊಟ್ಟು ಕಳೆಯಬೇಡಿ, ಆದರೆ ಅದರಿಂದ ಅವರಿಗೆ ಉಣಿಸಿ, ಉಡಿಸಿ, ಅವರೊಡನೆ ಒಳ್ಳೆಯ ಮಾತನ್ನಾಡಿ ಎಂಬುದು ಅದರ ಆಶಯ. ಊಟ ಬಟ್ಟೆಯ ಜೊತೆಗೆ ಮಾತನ್ನೂ ಸೇರಿಸಲಾಗಿದೆ. ಅವನಿಗೇನು ತಿಳಿಯುತ್ತದೆ ಎಂದು ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಹೋದರರು ಆ ವಚನವನ್ನು ಬಹುಶಃ ಓದಿಲ್ಲ.

ಆ ಶುಕ್ರವಾರಕ್ಕೆ ಮರಳೋಣ. ಪ್ರವಾದಿ(ಸ)ರು ನಮಾಝ್‌ನಲ್ಲಿ ಮಗುವಿನ ಅಳು ಕೇಳಿದರೆ ತಾಯಿಯ ಸಂಕಟ ನೆನೆದು ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಹಸನ್ ಮತ್ತು ಹುಸೈನ್ ಕೆಂಪಂಗಿ ತೊಟ್ಟು ಎಡವುತ್ತಾ ಬಂದಾಗ ಖುತ್ಬಾದ ನಡುವೆಯೇ ಮಿಂಬರ್‌ನಿಂದ ಇಳಿದು ಅವರನ್ನು ಎತ್ತಿಕೊಂಡರು. ಹಿಂತಿರುಗಿ ಗುರಾಯಿಸಿದ ಆ ದಿನ ನಾವು ಯಾರ ಸುನ್ನತನ್ನು ಅನುಸರಿಸುತ್ತಿದ್ದೆವು?

ಜಮಾಅತ್‌ನ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ಮಕ್ಕಳ ವಿಷಯವನ್ನು ಸೇರಿಸಬೇಕೆಂದು ನಾವು ಕೆಲವರು ಲಿಖಿತ ಮನವಿ ಕೊಟ್ಟಿದ್ದೇವೆ. ಮೊದಲು ಮಹಲ್ಲಾದಲ್ಲಿ ಅಂತಹ ಮಕ್ಕಳು ಎಷ್ಟಿದ್ದಾರೆಂದು ಮನೆಮನೆಗೆ ಹೋಗಿ ತಿಳಿಯಬೇಕು. ಬಾಗಿಲು ತೆರೆಯುವ ಹೆಂಗಸರೊಡನೆ ಮಾತನಾಡಲು ಹೆಂಗಸರೇ ಹೋಗಬೇಕು. ಸಭೆಯ ತೀರ್ಮಾನಕ್ಕೆ ಕಾಯದೆ ಒಂದು ಕೆಲಸವನ್ನು ಮಾಡಿಯಾಗಿದೆ: ಕೊನೆಯ ಸಾಲಿನ ಮೇಲಿದ್ದ ಧ್ವನಿವರ್ಧಕದ ತಂತಿಯನ್ನು ಕಳಚಲಾಗಿದೆ. ಮಗನನ್ನು ಕರೆದುಕೊಂಡು ಬನ್ನಿ ಎಂದು ಆ ತಂದೆಗೆ ಹೇಳಿದ್ದೇವೆ. ನೋಡೋಣ ಎಂದಿದ್ದಾರೆ.